ಎತ್ತರದ ಹುಡುಗನ ಕೈಗೆ ಮೊದಲು ಚೆಂಡು ಮುಟ್ಟಿಸಿ

ಮಾನ್ಯ ಸಂಪಾದಕರೇ,

ಧಾರವಾಡದ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಈ ವರ್ಷ ಸೇರಿದ ಎತ್ತರದ ಹುಡುಗನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಎರಡು ಪತ್ರ ಓದಿದೆ. ಒಬ್ಬರು 'ಈ ಸಲ ಕಪ್ ನಮ್ಮದೇ, ಬರೆದಿಟ್ಟುಕೊಳ್ಳಿ' ಅಂದಿದ್ದಾರೆ. ಇನ್ನೊಬ್ಬರು 'ಬರೀ ಎತ್ತರ ಇದ್ದರೆ ಆಯ್ತಾ, ಓಡೋದಕ್ಕೆ ಬರಬೇಡ್ವಾ' ಅಂತ ಕೇಳಿದ್ದಾರೆ. ಚಹಾದಂಗಡಿಯಲ್ಲಿ ಇದೇ ಮಾತು, ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲೂ ಇದೇ ಮಾತು. ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ನಮ್ಮೂರಲ್ಲಿ ಇಷ್ಟು ಜನ ಇಷ್ಟು ಜೋರಾಗಿ ವಾದ ಮಾಡಿದ್ದನ್ನು ನಾನು ಹಿಂದೆ ನೋಡಿಲ್ಲ. ನನಗೆ ಅದು ಖುಷಿಯೇ. ಆದರೆ ಎರಡೂ ಪತ್ರಗಳಲ್ಲಿ ಮುಖ್ಯವಾದ ಪ್ರಶ್ನೆಯೇ ಬಿಟ್ಟುಹೋಗಿದೆ. ಆ ಹುಡುಗನ ಕೈಗೆ ಚೆಂಡು ತಲುಪಿಸುವವರು ಯಾರು? ಅದನ್ನು ಅವರು ಕಲಿತಿದ್ದಾರಾ? ನನ್ನ ಪ್ರಕಾರ ನಮ್ಮ ಈ ವರ್ಷದ ಸೀಸನ್ ನಿಂತಿರುವುದೇ ಅದರ ಮೇಲೆ.

ನಾನು ಇದೇ ಕಾಲೇಜಿನಲ್ಲಿ ಓದಿದವನು, ಗಾರ್ಡ್ ಆಗಿ, ಅಂದರೆ ಚೆಂಡು ತಂದು ಉಳಿದವರಿಗೆ ಹಂಚುವವನಾಗಿ ಆಡಿದವನು. ಈಗ ನಿವೃತ್ತಿ ಆಗಿದೆ. ಸಂಜೆ ಅಭ್ಯಾಸ ಇದ್ದಾಗೆಲ್ಲ ಹೋಗಿ ಮೆಟ್ಟಿಲ ಮೇಲೆ ಕೂತು ನೋಡುತ್ತೇನೆ. ಹುಡುಗನ ಹೆಸರು ಇಲ್ಲಿ ಬರೆಯುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗ, ಈಗಲೇ ರಸ್ತೆಯಲ್ಲಿ ಹೋದರೆ ಮೊಬೈಲ್ ಎತ್ತಿಕೊಂಡು ಹಿಂದೆ ಬರುವವರು ಇದ್ದಾರೆ, ಪೇಪರ್‌ನಲ್ಲಿ ಹೆಸರು ಬೇರೆ ಬೇಡ. ಹಾವೇರಿ ಜಿಲ್ಲೆಯವನು, ಹಾನಗಲ್ ಕಡೆಯ ಹಳ್ಳಿ. ಆರಡಿ ಏಳಿಂಚು ಎತ್ತರ. ಪಿಯುಸಿ ಮುಗಿಯುವವರೆಗೆ ಆಡಿದ್ದು ವಾಲಿಬಾಲ್. ಬಾಸ್ಕೆಟ್‌ಬಾಲ್ ಹಿಡಿದದ್ದೇ ಇಲ್ಲಿಗೆ ಬಂದ ಮೇಲೆ. ನಮ್ಮ ಭಾಗದ ಕಾಲೇಜು ತಂಡಗಳಲ್ಲಿ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವವರು ಸಾಮಾನ್ಯವಾಗಿ ಆರಡಿ ಒಂದಿಂಚು, ಎರಡಿಂಚು ಇರುತ್ತಾರೆ. ಅವರ ಮಧ್ಯೆ ಇವನು ನಿಂತರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ.

ಎತ್ತರದಿಂದ ಏನು ಲಾಭ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ, ಅಂದರೆ ಹತ್ತು ಅಡಿ. ಇವನು ನಿಂತಲ್ಲೇ ಕೈ ಎತ್ತಿದರೆ ರಿಂಗಿಗೆ ಸುಮಾರು ಒಂದೂಕಾಲು ಅಡಿ ಬಾಕಿ ಇರುತ್ತದೆ, ಅಷ್ಟೇ. ಸ್ವಲ್ಪ ಹಾರಿದರೆ ಸಾಕು. ಹೋದ ವರ್ಷ ಸೆಮಿಫೈನಲ್‌ನಲ್ಲಿ ನಾವು ಸೋತದ್ದು ರಿಬೌಂಡ್‌ನಲ್ಲಿ, ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದರಲ್ಲಿ, ನೋಡಿದವರಿಗೆಲ್ಲ ಗೊತ್ತು. ಎದುರಾಳಿಗಳು ಒಂದು ಶಾಟ್ ತಪ್ಪಿದರೆ ಮತ್ತೆ ಚೆಂಡು ಅವರ ಕೈಗೇ ಹೋಗುತ್ತಿತ್ತು. ಶಾಟ್ ಹೊಡೆಯಲು ಮತ್ತೆ ಹದಿನಾಲ್ಕು ಸೆಕೆಂಡು, ಮತ್ತೆ ಒಂದು ಶಾಟ್. ಆ ತೊಂದರೆ ಈ ವರ್ಷ ಬಹಳ ಮಟ್ಟಿಗೆ ಹೋಗುತ್ತದೆ. ಇಷ್ಟು ಮಾತ್ರ ಯಾರೂ ಅಲ್ಲಗಳೆಯುವ ಹಾಗಿಲ್ಲ.

ಇಲ್ಲಿ ನಿಯಮದ ಬಗ್ಗೆ ಒಂದು ಗೊಂದಲ ಇದೆ. ಇವನು ನಮ್ಮದೇ ರಿಂಗ್ ಕೆಳಗೆ ನಿಂತು ಕಾಯುತ್ತಿದ್ದರೆ ಸುತ್ತ ನಿಂತ ಹುಡುಗರು 'ತ್ರೀ ಸೆಕೆಂಡ್, ತ್ರೀ ಸೆಕೆಂಡ್' ಅಂತ ಕೂಗುತ್ತಾರೆ. ಮೊಬೈಲ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ಬಂದ ಅಭ್ಯಾಸ. ರಕ್ಷಣೆ ಮಾಡುವವನು ಮೂರು ಸೆಕೆಂಡು ಸುಮ್ನೆ ರಿಂಗ್ ಕೆಳಗೆ ನಿಲ್ಲಬಾರದು ಅನ್ನುವ ನಿಯಮವನ್ನು ಎನ್‌ಬಿಎ 2001ರಲ್ಲಿ ತಂದಿತು. ನಮ್ಮಲ್ಲಿ ಆಡುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ. ಇದರಲ್ಲಿ ಮೂರು ಸೆಕೆಂಡಿನ ಮಿತಿ ದಾಳಿ ಮಾಡುವ ತಂಡಕ್ಕೆ ಮಾತ್ರ. ನಮ್ಮ ಹುಡುಗ ನಮ್ಮ ರಿಂಗ್ ಕೆಳಗೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಇನ್ನೊಂದು ವಿಷಯ. ಫಿಬಾ ನಿಯಮದಲ್ಲಿ ಶಾಟ್ ಹೊಡೆದ ಚೆಂಡು ಒಮ್ಮೆ ರಿಂಗಿಗೆ ತಾಗಿದ ಮೇಲೆ, ಅದು ರಿಂಗಿನ ಮೇಲೇ ಕುಣಿಯುತ್ತಿದ್ದರೂ ಕೈ ಹಾಕಿ ಹೊರಗೆ ತಳ್ಳಬಹುದು. ಎನ್‌ಬಿಎಯಲ್ಲಿ ಹಾಗೆ ಮಾಡುವಂತಿಲ್ಲ. ಇಷ್ಟು ಎತ್ತರದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕಾ? ಆದರೆ ಇದನ್ನು ಅವನಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕು. ಈಗ ಅವನು ಚೆಂಡು ರಿಂಗಿನ ಮೇಲಿದ್ದರೆ ಕೈ ಕಟ್ಟಿ ನೋಡುತ್ತಾ ನಿಲ್ಲುತ್ತಾನೆ, ಮುಟ್ಟಿದರೆ ತಪ್ಪೇನೋ ಅಂತ.

ವಾಲಿಬಾಲ್‌ನಿಂದ ಬಂದವನು ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಅದರಿಂದ ಒಳ್ಳೆಯದೂ ಬಂದಿದೆ. ವಾಲಿಬಾಲ್‌ನಲ್ಲಿ ಬ್ಲಾಕ್ ಮಾಡುವವನು ನೆಟ್ ಮುಟ್ಟಬಾರದು, ಹಾಗಾಗಿ ನೇರ ಮೇಲಕ್ಕೆ ಹಾರಿ ಎರಡೂ ಕೈ ನೇರ ಎತ್ತುವುದು ಅವನಿಗೆ ಮೈಗೆ ಹತ್ತಿದ ವಿದ್ಯೆ. ಬಾಸ್ಕೆಟ್‌ಬಾಲ್‌ನಲ್ಲೂ ಬೇಕಾಗಿರುವುದು ಇದೇ. ನೇರ ಹಾರಿ ಕೈ ನೇರ ಇಟ್ಟುಕೊಂಡರೆ, ಎದುರಾಳಿ ಬಂದು ಎದೆಗೆ ಗುದ್ದಿದರೂ ಫೌಲ್ ಇವನದಲ್ಲ. ಎಷ್ಟೋ ವರ್ಷ ಆಡಿದ ಸೆಂಟರ್‌ಗಳಿಗೂ ಇದು ಬರುವುದಿಲ್ಲ, ಕೈ ಕೆಳಗೆ ಬೀಸಿ ಫೌಲ್ ಮಾಡಿಕೊಳ್ಳುತ್ತಾರೆ. ಕೆಟ್ಟ ಅಭ್ಯಾಸವೂ ಅದೇ ಆಟದಿಂದ ಬಂದಿದೆ. ಚೆಂಡು ಕಂಡರೆ ಹೊಡೆಯುತ್ತಾನೆ, ಹಿಡಿಯುವುದಿಲ್ಲ. ರಿಬೌಂಡ್ ಬಂದರೆ ಬೆರಳಲ್ಲಿ ತಟ್ಟುತ್ತಾನೆ, ಅದು ಹೋಗಿ ಯಾರ ಕೈಗೋ ಬೀಳುತ್ತದೆ. ಹಿಡಿದರೂ ಚೆಂಡನ್ನು ಸೊಂಟದವರೆಗೆ ಇಳಿಸುತ್ತಾನೆ, ಆಗ ಐದೂವರೆ ಅಡಿಯ ಹುಡುಗ ಬಂದು ಕಿತ್ತುಕೊಂಡು ಹೋಗುತ್ತಾನೆ. ಎರಡೂ ಕೈಯಲ್ಲಿ ಹಿಡಿ, ಗದ್ದದ ಹತ್ತಿರ ಇಟ್ಟುಕೋ, ಮೊಣಕೈ ಅಗಲ ಮಾಡು, ಆಮೇಲೆ ಗಾರ್ಡ್ ಎಲ್ಲಿದ್ದಾನೆ ನೋಡು. ಇದನ್ನು ದಿನಾ ಮಾಡಿಸಿದರೆ ದಸರೆಯೊಳಗೆ ಬರುತ್ತದೆ. ಹುಡುಗ ಹೇಳಿದ್ದನ್ನು ಕೇಳುತ್ತಾನೆ, ಅದೊಂದು ದೊಡ್ಡ ಗುಣ.

ಈಗ ನನ್ನ ನಿಜವಾದ ವಿಷಯಕ್ಕೆ ಬರುತ್ತೇನೆ. ಮೊನ್ನೆ ಹುಬ್ಬಳ್ಳಿಯ ಒಂದು ತಂಡ ಅಭ್ಯಾಸ ಪಂದ್ಯಕ್ಕೆ ಬಂದಿತ್ತು. ಪಂದ್ಯ ಮುಗಿದ ಮೇಲೆ ಗೇಟಿನ ಹತ್ತಿರ ಒಬ್ಬ ಹೇಳುತ್ತಿದ್ದ, 'ಅಷ್ಟುದ್ದ ಅದಾನ, ಒಂದ್ ಪಾಯಿಂಟ್ ಹೊಡಿಯಾಕ ಆಗವಲ್ದು ಅಂವಗ.' ನಾನು ಪೂರ್ತಿ ಪಂದ್ಯ ನೋಡಿದ್ದೆ. ಹುಡುಗ ರಿಂಗಿನ ಎಡಬದಿಗೆ ಬಂದು ತನ್ನ ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಒಂದು ಕೈ ಎತ್ತಿ ಚೆಂಡು ಕೇಳುತ್ತಾನೆ. ನಮ್ಮ ಗಾರ್ಡ್ ಮಧ್ಯದಲ್ಲೇ ಟಪ್ ಟಪ್ ಡ್ರಿಬಲ್ ಮಾಡುತ್ತಾ ನಿಂತಿರುತ್ತಾನೆ. ಅಲ್ಲಿಂದ ಒಳಗೆ ಪಾಸ್ ಕೊಡಲು ಕೋನವೇ ಇಲ್ಲ. ಅವನು ಪಕ್ಕಕ್ಕೆ, ವಿಂಗ್ ಕಡೆ ಇಳಿಯಬೇಕು, ಅಲ್ಲಿಂದ ನೆಲಕ್ಕೆ ಪುಟಿಸಿ ಒಂದು ಬೌನ್ಸ್ ಪಾಸ್ ಕೊಡಬೇಕು. ಇಳಿಯುವುದಿಲ್ಲ. ಅಷ್ಟರಲ್ಲಿ ಮೂರು ಸೆಕೆಂಡು ಆಗುತ್ತದೆ, ರೆಫ್ರಿ ಸೀಟಿ ಊದುತ್ತಾರೆ. ಎಲ್ಲರೂ ಯಾರನ್ನು ಬೈಯುತ್ತಾರೆ? ಎತ್ತರದ ಹುಡುಗನನ್ನು. ತಪ್ಪು ಗಾರ್ಡ್‌ನದು, ಸೀಟಿ ಇವನ ಹೆಸರಿಗೆ. ಇಲ್ಲವಾದರೆ ಇವನು ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತಾನೆ, ಮತ್ತೆ ಕೈ ಎತ್ತುತ್ತಾನೆ, ಆಗಲೂ ಪಾಸ್ ಇಲ್ಲ. ಶಾಟ್ ಹೊಡೆಯಲು ಇರುವ ಇಪ್ಪತ್ತನಾಲ್ಕು ಸೆಕೆಂಡು ಮುಗಿಯುವ ಹೊತ್ತಿಗೆ ಯಾರೋ ದೂರದಿಂದ ಎಸೆಯುತ್ತಾರೆ. ಪೂರ್ತಿ ಪಂದ್ಯದಲ್ಲಿ ಪೋಸ್ಟ್‌ನಲ್ಲಿ, ಅಂದರೆ ರಿಂಗಿನ ಪಕ್ಕದ ಆ ಜಾಗದಲ್ಲಿ, ಅವನ ಕೈಗೆ ಸರಿಯಾಗಿ ಚೆಂಡು ಬಂದದ್ದು ಬೆರಳೆಣಿಕೆಯಷ್ಟು ಸಲ. ಪಾಯಿಂಟ್ ಹೇಗೆ ಹೊಡೆಯುತ್ತಾನೆ?

ಇದು ನಮ್ಮ ಕಾಲೇಜಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡುವವರಿಗೆ ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ ಗೊತ್ತಿರುತ್ತಾನೆ. ಏಳಡಿ ನಾಲ್ಕಿಂಚು. ಕೆನಡಾದ ಟೊರಾಂಟೊ ಹುಡುಗ, ಚಿಕ್ಕವನಿದ್ದಾಗ ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದವನು, ಹೈಸ್ಕೂಲಿಗೆ ಬಂದ ಮೇಲೆ ಬಾಸ್ಕೆಟ್‌ಬಾಲ್ ಶುರು ಮಾಡಿದವನು. ತಡವಾಗಿ ಶುರು ಮಾಡಿದವನು ಮೇಲೆ ಬರಲ್ಲ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ. 2023ರ ಮಾರ್ಚ್‌ನಲ್ಲಿ ಪರ್ಡ್ಯೂ ತಂಡ ಅಲ್ಲಿನ ಕಾಲೇಜುಗಳ ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲೇ ಫೇರ್ಲಿ ಡಿಕಿನ್ಸನ್ ಅನ್ನುವ ಸಣ್ಣ ವಿಶ್ವವಿದ್ಯಾಲಯದ ಎದುರು 63-58ರಿಂದ ಸೋತಿತು. ಸೋಲಿಸಿದ ತಂಡ ಅಲ್ಲಿನ ಮೇಲಿನ ದರ್ಜೆಯ, ಅಂದರೆ ಡಿವಿಷನ್ ಒಂದರ ಅತಿ ಗಿಡ್ಡ ತಂಡ! ಅವರು ಮಾಡಿದ್ದು ಇಷ್ಟೇ. ಈಡಿಯ ಸುತ್ತ ಇಬ್ಬರು ಮೂವರು ಮುತ್ತಿಕೊಂಡರು, ಹೊರಗೆ ನಿಂತವರು ಹೊಡೆದರೆ ಹೊಡೆಯಲಿ ಅಂತ ಬಿಟ್ಟರು. ಪರ್ಡ್ಯೂ ಹುಡುಗರು ಮೂರು ಪಾಯಿಂಟಿನ 26 ಶಾಟ್ ಎಸೆದರು, ಒಳಗೆ ಹೋದದ್ದು 5.

ಮರುವರ್ಷ ಅದೇ ಪರ್ಡ್ಯೂ ಫೈನಲ್‌ವರೆಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ಎದುರು. ಆ ದಿನ ಈಡಿ ಒಬ್ಬನೇ 37 ಪಾಯಿಂಟ್ ಹೊಡೆದ. ತಂಡ 75-60ರಿಂದ ಸೋತಿತು. ಕನೆಕ್ಟಿಕಟ್‌ನವರು ಈ ಸಲ ಉಲ್ಟಾ ಮಾಡಿದ್ದರು. ಈಡಿಯ ಮೇಲೆ ಹೆಚ್ಚಾಗಿ ಒಬ್ಬನನ್ನೇ ಬಿಟ್ಟು, ಉಳಿದವರೆಲ್ಲ ಹೊರಗಿನ ಶೂಟರ್‌ಗಳಿಗೆ ಅಂಟಿಕೊಂಡರು. ಪರ್ಡ್ಯೂಗೆ ಇಡೀ ಪಂದ್ಯದಲ್ಲಿ ಸಿಕ್ಕ ತ್ರೀ ಪಾಯಿಂಟರ್ ಒಂದೇ ಒಂದು. ಈ ಎರಡು ಪಂದ್ಯ ಒಟ್ಟಿಗೆ ಇಟ್ಟು ನೋಡಿ. ಒಳಗಿನವನನ್ನು ಕಟ್ಟಿಹಾಕಿದಾಗ ಹೊರಗಿನವರು ಹೊಡೆಯಲಿಲ್ಲ, ಹೊರಗಿನವರನ್ನು ಕಟ್ಟಿಹಾಕಿದಾಗ ಒಳಗಿನವನು ಹೊಡೆದರೂ ಸಾಲಲಿಲ್ಲ. ಏಳಡಿ ನಾಲ್ಕಿಂಚಿನವನಿಗೇ ಹೀಗಾದರೆ ನಮ್ಮ ಆರಡಿ ಏಳಿಂಚಿನ ಹುಡುಗ ಒಬ್ಬನೇ ಕಪ್ ತರುತ್ತಾನೆ ಅನ್ನುವುದು ಅವನ ಮೇಲೆ ಹೇರುವ ಭಾರ. ಅದು ಅನ್ಯಾಯ ಅಲ್ವಾ?

ನಮ್ಮ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಎದುರಾಳಿಗಳು ಮಾಡುವುದೂ ಇದನ್ನೇ. ಇದಕ್ಕೆ ದೊಡ್ಡ ಕೋಚ್ ಏನೂ ಬೇಕಾಗಿಲ್ಲ. ಟೂ-ತ್ರೀ ಝೋನ್ ಹಾಕಿ, ಅಂದರೆ ಮುಂದೆ ಇಬ್ಬರನ್ನು ಬಿಟ್ಟು, ರಿಂಗಿನ ಸುತ್ತ ಮೂವರನ್ನು ನಿಲ್ಲಿಸಿ, ಒಬ್ಬ ಇವನ ಮುಂದೆ, ಒಬ್ಬ ಹಿಂದೆ. ಜೊತೆಗೆ ಇಡೀ ಅಂಗಳದಲ್ಲಿ ಮೈಮೇಲೆ ಬಿದ್ದು ಫುಲ್ ಕೋರ್ಟ್ ಪ್ರೆಸ್ ಮಾಡುತ್ತಾರೆ, ಚೆಂಡು ಅರ್ಧ ಅಂಗಳ ದಾಟುವುದಕ್ಕೇ ಎಂಟು ಸೆಕೆಂಡಿನ ಪರದಾಟ. ಚೆಂಡು ಸಿಕ್ಕ ಕೂಡಲೇ ಫಾಸ್ಟ್ ಬ್ರೇಕ್ ಓಡುತ್ತಾರೆ, ಯಾಕೆಂದರೆ ಇವನು ಹಿಂದಕ್ಕೆ ಬರುವುದು ನಿಧಾನ. ಇದಕ್ಕೆಲ್ಲ ಉತ್ತರ ಇವನ ಹತ್ತಿರ ಇಲ್ಲ, ಉಳಿದ ನಾಲ್ವರ ಹತ್ತಿರ ಇದೆ.

ಆ ನಾಲ್ವರಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ಗದಗಿನ ಎಡಗೈ ಹುಡುಗನ ಮೇಲೆ. ಎರಡನೇ ವರ್ಷದವನು. ಮೂರು ಪಾಯಿಂಟಿನ 6.75 ಮೀಟರ್ ಗೆರೆಯ ಹೊರಗೆ, ಬಲ ಮೂಲೆಯಲ್ಲಿ ನಿಲ್ಲಿಸಿ ಚೆಂಡು ಕೊಟ್ಟರೆ ಚೆನ್ನಾಗಿ ಹೊಡೆಯುತ್ತಾನೆ. ಎತ್ತರದ ಹುಡುಗ ಎಡಗಡೆ ಪೋಸ್ಟ್‌ನಲ್ಲಿ ಇದ್ದು, ಇಬ್ಬರು ಅವನ ಮೇಲೆ ಬಿದ್ದಾಗ ಚೆಂಡು ಅಡ್ಡ ಹಾದು ಬಲ ಮೂಲೆಗೆ ಬರಬೇಕು. ಒಳಗೆ ಹೋದ ಚೆಂಡು ಹೊರಗೆ ಬರುವುದನ್ನು ಒಮ್ಮೆ ಎದುರಾಳಿಗಳು ನೋಡಿದರೆ ಸಾಕು, ಆಮೇಲೆ ಇಬ್ಬಿಬ್ಬರು ಬೀಳಲು ಹೆದರುತ್ತಾರೆ. ಮತ್ತೆ, ಮೂರು ವರ್ಷದಿಂದ ನಮ್ಮ ಸೆಂಟರ್ ಆಗಿ ಆಡಿದ ಹುಡುಗ ಇದ್ದಾನಲ್ಲ, ಆರಡಿ ಒಂದಿಂಚಿನವನು, ಅವನನ್ನು ಬೆಂಚಿಗೆ ಹಾಕುತ್ತಾರೆ ಅಂತ ಸ್ನೇಹಿತರು ಬೇಸರ ಮಾಡಿಕೊಂಡಿದ್ದಾರೆ. ಹಾಕಬಾರದು. ಅವನನ್ನು ಫ್ರೀ ಥ್ರೋ ಗೆರೆಯ ಹತ್ತಿರ ನಿಲ್ಲಿಸಬೇಕು. ಎತ್ತರದ ಹುಡುಗನ ಮುಂದೆ ಒಬ್ಬ ಅಡ್ಡ ನಿಂತುಬಿಟ್ಟರೆ ಪಕ್ಕದಿಂದ ಪಾಸ್ ಹೋಗುವುದಿಲ್ಲ, ಆಗ ಮೇಲಿನಿಂದ, ಆ ಅಡ್ಡ ನಿಂತವನ ತಲೆ ಮೇಲೆ ಹಾಕಿ ಕೊಡಬೇಕು. ಅದನ್ನು ಕೊಡಬಲ್ಲವನು ಆ ಹಳೆಯ ಸೆಂಟರ್ ಒಬ್ಬನೇ. ಅವನಿಗೆ ಕಣ್ಣಿದೆ, ಸಮಾಧಾನ ಇದೆ. ಮೊನ್ನೆಯ ಪಂದ್ಯದಲ್ಲಿ ಎತ್ತರದ ಹುಡುಗ ಹೊಡೆದ ಬುಟ್ಟಿಗಳಲ್ಲಿ ಎರಡು ಇವನು ಕೊಟ್ಟ ಪಾಸ್‌ನಿಂದಲೇ ಬಂದವು. ಚಪ್ಪಾಳೆ ಹೊಡೆದವರು ಯಾರೂ ಅದನ್ನು ಗಮನಿಸಲಿಲ್ಲ.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮ ಪಿ.ಡಿ. ಸರ್‌ಗೆ ಇದೆಲ್ಲ ಗೊತ್ತಿಲ್ಲ ಅಂತ ಅಲ್ಲ. ಅವರಿಗೆ ಒಬ್ಬರಿಗೇ ಎಲ್ಲ ಆಟದ ಜವಾಬ್ದಾರಿ. ಬೆಳಿಗ್ಗೆ ಕಬಡ್ಡಿ, ಸಂಜೆ ಬಾಸ್ಕೆಟ್‌ಬಾಲ್, ಮಧ್ಯೆ ಕಾಲೇಜಿನ ಕಾಗದಪತ್ರ. ಹಳೆಯ ಆಟಗಾರರು ವಾರಕ್ಕೆರಡು ಸಂಜೆ ಬಂದು ಗಾರ್ಡ್‌ಗಳಿಗೆ ಪಾಸ್ ಕೊಡುವುದನ್ನು ಮಾತ್ರ ಕಲಿಸಿದರೂ ದೊಡ್ಡ ಸಹಾಯ. ನಾನು ಬರುತ್ತೇನೆ. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ ನಮ್ಮ ಕಾಲದ ಇನ್ನಿಬ್ಬರು ಒಪ್ಪಿದ್ದಾರೆ.

ಫ್ರೀ ಥ್ರೋ ವಿಷಯ ಬೇರೆಯೇ ಇದೆ. ಇವನನ್ನು ತಡೆಯಲಾಗದಿದ್ದರೆ ಎದುರಾಳಿಗಳು ಫೌಲ್ ಮಾಡುತ್ತಾರೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎರಡೆರಡು ಫ್ರೀ ಥ್ರೋ ಸಿಗುತ್ತದೆ. ಈಗ ಇವನು ಅರ್ಧಕ್ಕಿಂತ ಜಾಸ್ತಿ ತಪ್ಪಿಸುತ್ತಾನೆ. ಎತ್ತರದವರಿಗೆ ಇದು ಹಳೆಯ ಕಾಯಿಲೆ. ಶಕೀಲ್ ಓನೀಲ್ ಅಂಥವನ ಇಡೀ ಎನ್‌ಬಿಎ ಜೀವನದ ಲೆಕ್ಕ ನೂರಕ್ಕೆ 52.7. ಇಲ್ಲೊಂದು ಕಥೆ ಹೇಳಲೇಬೇಕು. 1962ರ ಮಾರ್ಚ್ 2ರಂದು ಎನ್‌ಬಿಎಯ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ ನೂರು ಪಾಯಿಂಟ್ ಹೊಡೆದದ್ದು ಎಲ್ಲರಿಗೂ ಗೊತ್ತು. ಆ ದಿನ ಅವನು 32 ಫ್ರೀ ಥ್ರೋಗಳಲ್ಲಿ 28 ಒಳಗೆ ಹಾಕಿದ್ದ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆ ಸೀಸನ್‌ನಲ್ಲಿ ಅವನು ಎರಡೂ ಕೈಯಲ್ಲಿ ಚೆಂಡು ಹಿಡಿದು, ಕಾಲಿನ ಮಧ್ಯದಿಂದ ಕೆಳಗಿನಿಂದ ಮೇಲಕ್ಕೆ ಎಸೆಯುತ್ತಿದ್ದ. ಆಮೇಲೆ ನಾಚಿಕೆ ಆಗುತ್ತದೆ ಅಂತ ಬಿಟ್ಟ, ಮತ್ತೆ ತಪ್ಪಿಸೋಕೆ ಶುರು ಮಾಡಿದ. ರಿಕ್ ಬ್ಯಾರಿ ಅನ್ನುವವನು ಜೀವನಪೂರ್ತಿ ಹಾಗೇ ಎಸೆದು ನೂರಕ್ಕೆ ಸುಮಾರು 90 ಒಳಗೆ ಹಾಕಿದ. ಅವನ ಎತ್ತರವೂ ಆರಡಿ ಏಳಿಂಚು. ನಮ್ಮ ಹುಡುಗ ಹಾಗೇ ಎಸೆಯಲಿ ಅಂತ ನಾನು ಹಠ ಮಾಡುವುದಿಲ್ಲ. ಆದರೆ ಒಂದು ವೇಳೆ ಅದು ಅವನಿಗೆ ಸರಿಹೊಂದಿದರೆ, ಅಂಗಳದ ಸುತ್ತ ನಿಂತವರು ನಗಬಾರದು. ದಯವಿಟ್ಟು. ಚೇಂಬರ್ಲೇನ್‌ನಂಥ ಗಟ್ಟಿಗನೇ ಜನ ಏನಂತಾರೋ ಅಂತ ಬಿಟ್ಟಿದ್ದಾನೆ ಅಂದರೆ ಈ ಹುಡುಗನ ಪಾಡೇನು?

ಜನ ಏನಂತಾರೋ ಅನ್ನುವ ಮಾತು ಬಂತಲ್ಲ. 'ಕರೆಂಟ್ ಕಂಬ' ಅಂತ ಕೂಗುವವರು ನಮ್ಮ ತಂಡದ ಅಭಿಮಾನಿಗಳೇ. ಪ್ರೀತಿಯಿಂದ ಕರೀತೀವಿ ಅಂತಾರೆ. ಆ ಹುಡುಗ ಅದನ್ನು ಕೇಳಿ ತಲೆ ತಗ್ಗಿಸಿ ಭುಜ ಬಗ್ಗಿಸಿ ನಡೆಯುವುದನ್ನು ನಾನು ನೋಡಿದ್ದೇನೆ. ರಿಂಗ್ ಕೆಳಗೆ ನಿಂತು ಎದೆ ಸೆಟೆಸಬೇಕಾದವನು ಅವನು. ಅವನ ತಂಡದವರು ಅವನನ್ನು ಹೆಸರು ಹಿಡಿದು ಕರೆಯುತ್ತಾರೆ, ಗ್ಯಾಲರಿಯೂ ಹಾಗೇ ಕರೆಯಲಿ. 'ಹೊರಗಿನ ಹುಡುಗನ್ನ ಕರ್ಕೊಂಡು ಬಂದಾರ' ಅನ್ನುವ ಮಾತೂ ಕೇಳಿದೆ. ಹಾವೇರಿ ಯಾವಾಗ ಹೊರಗಾಯಿತು? 1997ರವರೆಗೆ ಅದು ಧಾರವಾಡ ಜಿಲ್ಲೆಯಲ್ಲೇ ಇತ್ತು, ಗದಗವೂ ಅಷ್ಟೇ. ನಮ್ಮ ಹಳೆಯ ತಂಡಗಳಲ್ಲಿ ಅರ್ಧ ಜನ ರಾಣೆಬೆನ್ನೂರು, ಬ್ಯಾಡಗಿ, ರೋಣದ ಕಡೆಯವರೇ ಇರುತ್ತಿದ್ದರು.

ಅವನ ಮೈ ಕಾಪಾಡುವ ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನಮ್ಮದು ಸಿಮೆಂಟ್ ಅಂಗಳ. ಅದರ ಮೇಲೆ ಇಷ್ಟು ತೂಕದ ಹುಡುಗ ದಿನಾ ಹಾರಿದರೆ ಮೊಣಕಾಲಿಗೆ ಹೊಡೆತ ಬಿದ್ದೇ ಬೀಳುತ್ತದೆ. ಧಾರವಾಡದ ಮಳೆ ನಿಮಗೆ ಗೊತ್ತು, ಜುಲೈ ಆಗಸ್ಟ್‌ನಲ್ಲಿ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ, ಅಂಗಳದ ಮೂಲೆಯಲ್ಲಿ ಪಾಚಿ ಕಟ್ಟುತ್ತದೆ. ಅಲ್ಲಿ ಒಮ್ಮೆ ಕಾಲು ಜಾರಿದರೆ ಸೀಸನ್ ಮುಗಿಯಿತು. ಮಳೆ ದಿನ ಅವನನ್ನು ಓಡಿಸಬೇಡಿ, ಒಳಗೆ ಯಾವುದಾದರೂ ಹಾಲ್‌ನಲ್ಲಿ ಗೋಡೆಗೆ ಚೆಂಡು ಎಸೆದು ಹಿಡಿಯುವುದನ್ನು ಮಾಡಿಸಿ. ಶೂ ಇನ್ನೊಂದು ಕಥೆ. ಅವನ ಅಳತೆಯ ಬಾಸ್ಕೆಟ್‌ಬಾಲ್ ಶೂ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಒಂದು ಅಂಗಡಿಯಲ್ಲಿ ಬೆರಳು ಮಡಚಿ ಹಾಕಿಕೊಳ್ಳುವಂಥ ಸಣ್ಣ ಜೋಡಿ ಕೊಟ್ಟು ಕಳಿಸಿದ್ದರು, ಅದನ್ನೇ ಹಾಕಿಕೊಂಡು ಆಡುತ್ತಿದ್ದ. ಹಳೆಯ ವಿದ್ಯಾರ್ಥಿಗಳು ಸೇರಿ ಹೊರಗಿನಿಂದ ತರಿಸಿ ಕೊಟ್ಟಿದ್ದಾರೆ. ಹಾಸ್ಟೆಲ್‌ನಲ್ಲಿ ಅವನಿಗೆ ಇನ್ನೊಂದೆರಡು ರೊಟ್ಟಿ, ಒಂದು ಲೋಟ ಹಾಲು, ಎರಡು ಮೊಟ್ಟೆ ಜಾಸ್ತಿ ಬೇಕು. ಕಾಟ್ ಚಿಕ್ಕದು, ಕಾಲು ಹೊರಗೆ ಬರುತ್ತದೆ. ಕೊನೆಗೆ ಒಂದು ಸ್ಟೂಲ್ ಸೇರಿಸಿಕೊಂಡಿದ್ದಾನೆ. ಮಲಗುವುದು ಸರಿ ಇಲ್ಲದ ಹುಡುಗ ನಾಲ್ಕನೇ ಕ್ವಾರ್ಟರ್‌ನಲ್ಲಿ ಹೇಗೆ ಓಡುತ್ತಾನೆ? ಓಡೋದಕ್ಕೆ ಬರಲ್ಲ ಅಂತ ಬರೆದ ಓದುಗರು ಒಮ್ಮೆ ಇದನ್ನೂ ಯೋಚಿಸಬೇಕು.

ನಿಧಾನ ಅನ್ನುವುದು ನಿಜ, ಮುಚ್ಚಿಡುವುದಿಲ್ಲ. ಕಾಲು ತಡವರಿಸುತ್ತದೆ, ತಿರುಗುವಾಗ ಊರಿದ ಕಾಲು, ಅಂದರೆ ಪಿವಟ್, ಎದ್ದು ಟ್ರಾವಲ್ ಅನ್ನುವ ತಪ್ಪಾಗುತ್ತದೆ. ಆದರೆ ಇದು ಕಲಿಸಿದರೆ ಬರುವ ವಿದ್ಯೆ. 1942ರಲ್ಲಿ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದ ರೇ ಮೇಯರ್‌ಗೆ ಜಾರ್ಜ್ ಮೈಕನ್ ಅನ್ನುವ ಹುಡುಗ ಸಿಕ್ಕ. ಆರಡಿ ಹತ್ತಿಂಚು, ದಪ್ಪ ಕನ್ನಡಕ, ಕಾಲಿಗೆ ಕಾಲು ತಾಗುವ ನಡಿಗೆ. ಮೇಯರ್ ಅವನಿಗೆ ಹಗ್ಗ ಹಾರಿಸಿದರು, ಡಾನ್ಸ್ ಕಲಿಸಿದರು, ರಿಂಗಿನ ಎರಡೂ ಬದಿಯಿಂದ ಎರಡೂ ಕೈಯಲ್ಲಿ ಒಂದೇ ಸಮನೆ ಲೇ-ಅಪ್, ಅಂದರೆ ಹತ್ತಿರದ ಶಾಟ್ ಹಾಕಿಸಿದರು. ಇವತ್ತಿಗೂ ಆ ಅಭ್ಯಾಸಕ್ಕೆ ಮೈಕನ್ ಡ್ರಿಲ್ ಅಂತಲೇ ಹೆಸರು. ಆಮೇಲೆ ಅವನನ್ನು ತಡೆಯುವುದಕ್ಕೆ ಎನ್‌ಬಿಎ 1951ರಲ್ಲಿ ರಿಂಗ್ ಕೆಳಗಿನ ಜಾಗವನ್ನು ಆರು ಅಡಿಯಿಂದ ಹನ್ನೆರಡು ಅಡಿಗೆ ಅಗಲ ಮಾಡಬೇಕಾಯಿತು. ನಮ್ಮ ಹುಡುಗನಿಗೆ ಬೇಕಾಗಿರುವುದು ಒಂದು ಹಗ್ಗ, ಒಂದು ಚೆಂಡು ಮತ್ತು ದಿನಕ್ಕೆ ಇಪ್ಪತ್ತು ನಿಮಿಷ.

ಇನ್ನು, ಅವನ ಪಾಯಿಂಟ್ ಎಷ್ಟು ಅಂತ ಎಣಿಸುವುದನ್ನು ಸ್ವಲ್ಪ ದಿನ ಬಿಡಿ. ಬಿಲ್ ರಸೆಲ್ ಬೋಸ್ಟನ್ ಪರ ಹದಿಮೂರು ಸೀಸನ್‌ನಲ್ಲಿ ಹನ್ನೊಂದು ಸಲ ಎನ್‌ಬಿಎ ಗೆದ್ದ, ಅವನ ಸರಾಸರಿ ಪಂದ್ಯಕ್ಕೆ 15 ಪಾಯಿಂಟ್ ಮಾತ್ರ. ಅವನು ಬ್ಲಾಕ್ ಮಾಡಿದ ಚೆಂಡನ್ನು ಗ್ಯಾಲರಿಗೆ ಹೊಡೆಯುತ್ತಿರಲಿಲ್ಲ, ತನ್ನವರ ಕೈಗೆ ತಳ್ಳುತ್ತಿದ್ದ. ಈ ಹುಡುಗ ಮೊದಲ ವರ್ಷ ರಿಬೌಂಡ್ ಹಿಡಿದು, ಬ್ಲಾಕ್ ಮಾಡಿ, ಐದು ಫೌಲ್ ಆಗದೆ ನಾಲ್ಕೂ ಕ್ವಾರ್ಟರ್ ಅಂಗಳದಲ್ಲಿ ಉಳಿದರೆ ನನಗೆ ಅಷ್ಟೇ ಸಾಕು. ಮೊನ್ನೆ ಮೂರನೇ ಕ್ವಾರ್ಟರ್‌ನಲ್ಲೇ ನಾಲ್ಕು ಫೌಲ್ ಆಗಿತ್ತು. ಅದರಲ್ಲಿ ಮೂರು ರಿಂಗಿನಿಂದ ದೂರ, ಡ್ರಿಬಲ್ ಮಾಡುವ ಹುಡುಗರ ಹಿಂದೆ ಬಿದ್ದು ಕೈ ಹಾಕಿದ್ದಕ್ಕೆ. ನಮ್ಮ ಗಾರ್ಡ್‌ಗಳು ತಮ್ಮವರನ್ನು ಬಿಟ್ಟುಬಿಟ್ಟದ್ದರಿಂದ ಇವನು ಹೋಗಬೇಕಾಯಿತು. ಇಲ್ಲೂ ಮತ್ತೆ ಗಾರ್ಡ್‌ಗಳೇ.

ಎನ್‌ಬಿಎಗೆ ಹೋಗ್ತಾನೆ ಅಂತ ಈಗಲೇ ಮಾತಾಡುವವರೂ ಇದ್ದಾರೆ. ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೇಯವನಾಗಿ ಆಯ್ಕೆಯಾದ, ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವನು. ಏಳಡಿ ಎರಡಿಂಚು, ಹದಿನಾಲ್ಕನೇ ವಯಸ್ಸಿಗೇ ಅಮೆರಿಕಕ್ಕೆ ಹೋಗಿ ತರಬೇತಿ ಪಡೆದವನು. ಅವನಿಗೂ ಎನ್‌ಬಿಎಯ ಲೀಗ್ ಪಂದ್ಯದಲ್ಲಿ ಆಡುವ ಅವಕಾಶ ಸಿಗಲಿಲ್ಲ. ನಮ್ಮ ಹುಡುಗನ ಮುಂದೆ ಈಗ ಇರುವುದು ಕರ್ನಾಟಕ ವಿಶ್ವವಿದ್ಯಾಲಯ (ಕವಿವಿ) ತಂಡದ ಆಯ್ಕೆ. ಅಲ್ಲಿ ಸೇರಿದರೆ ವಿವಿ ಆಟಗಾರರಿಗೆ ಸಿಗುವ ಗೌರವ ಯೂನಿವರ್ಸಿಟಿ ಬ್ಲೂ, ದಕ್ಷಿಣ ವಲಯದ ಅಂತರ ವಿವಿ ಪಂದ್ಯಗಳು, ಅಲ್ಲಿ ಬೆಂಗಳೂರು, ಮಂಗಳೂರು, ಚೆನ್ನೈ, ಕೇರಳದ ತಂಡಗಳು. ಅವನಷ್ಟೇ ಎತ್ತರದವರು ಅವನಿಗೆ ಮೊದಲ ಸಲ ಎದುರಾಗುವುದು ಅಲ್ಲೇ. ಅವನು ಆಟ ಕಲಿಯುವುದೂ ಅಲ್ಲೇ.

ನನ್ನ ಲೆಕ್ಕ ಕೇಳಿದರೆ ನೇರವಾಗಿ ಹೇಳುತ್ತೇನೆ. ಸೆಮಿಫೈನಲ್ ಖಂಡಿತ. ಗಾರ್ಡ್‌ಗಳು ಈ ಎರಡು ತಿಂಗಳಲ್ಲಿ ವಿಂಗ್‌ಗೆ ಇಳಿದು ಒಳಗೆ ಪಾಸ್ ಕೊಡುವುದನ್ನು ಕಲಿತರೆ ಫೈನಲ್. ಗದಗಿನ ಹುಡುಗ ಆ ದಿನ ಹೊರಗಿನಿಂದ ಹೊಡೆದರೆ ಕಪ್. ಕಲಿಯದಿದ್ದರೆ ಹೋದ ವರ್ಷದ ಹಾಗೇ ಸೆಮಿಫೈನಲ್‌ನಲ್ಲೇ ನಿಲ್ಲುತ್ತೇವೆ, ಆಗ ಬೈಗುಳ ಎಲ್ಲ ಆ ಹುಡುಗನ ತಲೆಗೇ ಬರುತ್ತದೆ. ಅದು ಆಗಬಾರದು ಅಂತಲೇ ಈ ಪತ್ರ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆ ಅಂತರ ಕಾಲೇಜು ಪಂದ್ಯಗಳ ಫಲಿತಾಂಶ ಹಾಕುತ್ತದೆ, ಅದಕ್ಕೆ ನಾವು ಋಣಿ. ಆದರೆ ಅದರಲ್ಲಿ ಸ್ಕೋರ್ ಮತ್ತು ಜಾಸ್ತಿ ಪಾಯಿಂಟ್ ಹೊಡೆದವನ ಹೆಸರು ಮಾತ್ರ ಇರುತ್ತದೆ. ರಿಬೌಂಡ್ ಹಿಡಿದವನು, ಪಾಸ್ ಕೊಟ್ಟವನು ಎಲ್ಲೂ ಕಾಣುವುದಿಲ್ಲ. ಹೆಸರು ಬಂದ ಕೆಲಸವನ್ನೇ ಹುಡುಗರು ಮಾಡುತ್ತಾರೆ, ಹಾಗಾಗಿ ಎಲ್ಲರೂ ಶಾಟ್ ಎಸೆಯುವುದಕ್ಕೇ ಮುಂದೆ ಬರುತ್ತಾರೆ. ಅಧಿಕೃತ ಸ್ಕೋರ್ ಶೀಟ್‌ನಲ್ಲಿ ಪಾಯಿಂಟ್ ಮತ್ತು ಫೌಲ್ ಸಿಗುತ್ತದೆಯೇ ಹೊರತು ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್), ರಿಬೌಂಡ್ ಸಿಗುವುದಿಲ್ಲ, ನಿಮ್ಮ ವರದಿಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಅದಕ್ಕೊಂದು ವ್ಯವಸ್ಥೆ ಆಗಿದೆ. ನಮ್ಮ ಕಾಲೇಜಿನ ಹುಡುಗಿಯರ ತಂಡದ ಇಬ್ಬರು ಅಭ್ಯಾಸ ಪಂದ್ಯಗಳಲ್ಲಿ ಈಗಾಗಲೇ ನೋಟ್‌ಬುಕ್‌ನಲ್ಲಿ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದಾರೆ. ಟೂರ್ನಿಯಲ್ಲಿ ಎರಡೂ ತಂಡದ ಲೆಕ್ಕ ಬರೆಯುವುದಕ್ಕೆ ಒಪ್ಪಿದ್ದಾರೆ. ಪಂದ್ಯ ಮುಗಿದ ಸಂಜೆ ಏಳರೊಳಗೆ ನಿಮ್ಮ ಧಾರವಾಡ ಕಚೇರಿಗೆ ನಾನೇ ತಂದು ಕೊಡುತ್ತೇನೆ. ಎರಡು ಸಾಲು ಜಾಗ ಕೊಡಿ.

ಇಂತಿ,
ಒಬ್ಬ ಹಳೆಯ ಗಾರ್ಡ್
ಸಪ್ತಾಪುರ, ಧಾರವಾಡ